ಅಗ್ಗದ ಸಿಡಿಲು

ನಮ್ಮ ಕಡೆ ಎಲೆಯ ಕಟ್ಟು ಎಂದರೆ ವೀಳ್ಯದೆಲೆ, ಹೆಚ್ಚೆಂದರೆ ಇಸ್ಪೀಟು. ಅದಕ್ಕೆ ಮೂರನೆಯ ಅರ್ಥವೊಂದನ್ನು ನನಗೆ ತಿಳಿಸಿಕೊಟ್ಟವನು ಹನೂರಿನಲ್ಲಿರುವ ನನ್ನ ಅಕ್ಕನ ಮಗ. ಅವನ ಎದುರಾಳಿ ಯಳಂದೂರಿನ ಹುಡುಗ. ಎರಡೂ ಊರಿಗೆ ಕೊಳ್ಳೇಗಾಲ ನಡುವೆ ಬೀಳುವುದರಿಂದ, ಭಾನುವಾರಗಳಂದು ಇಬ್ಬರಿಗೂ ನಮ್ಮ ಮನೆಯ ಪಡಸಾಲೆಯೇ ಕುರುಕ್ಷೇತ್ರ.

ಆಟದ ಹೆಸರು ‘ಮ್ಯಾಜಿಕ್: ದಿ ಗ್ಯಾದರಿಂಗ್’. ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ ರೂಪಿಸಿದ ಈ ಆಟ ಮಾರುಕಟ್ಟೆಗೆ ಬಂದದ್ದು 1993ರಲ್ಲಿ. ಇಸ್ಪೀಟಿನಲ್ಲಿ ಸಾಹುಕಾರನಿಗೂ ಕೂಲಿಯವನಿಗೂ ಒಂದೇ ಕಟ್ಟಿನಿಂದ ಎಲೆ ಹಂಚುತ್ತಾರೆ. ಇಲ್ಲಿ ಹಾಗಲ್ಲ, ಪ್ರತಿಯೊಬ್ಬನೂ ಬಿಡಿ ಎಲೆಗಳನ್ನು ಕೊಂಡು ತನ್ನ ಕಟ್ಟನ್ನು ತಾನೇ ಕಟ್ಟಿಕೊಂಡು ಬರಬೇಕು. ಕನಿಷ್ಠ 60 ಎಲೆ. ನೆಲದ ಸಾಮಾನ್ಯ ಎಲೆಗಳನ್ನು ಬಿಟ್ಟರೆ ಒಂದೇ ಹೆಸರಿನವು 4ಕ್ಕಿಂತ ಹೆಚ್ಚು ಇರಬಾರದು. ಆಟಗಾರನಿಗೆ 20 ಪ್ರಾಣ. ಸರದಿಗೊಂದು ನೆಲ ಇಳಿಸಿ, ಆ ನೆಲದ ಶಕ್ತಿಯಿಂದ ಉಳಿದ ಎಲೆಗಳನ್ನು ಆಡಬೇಕು. ಅಪರೂಪದ ಎಲೆ ಒಂದೊಂದಕ್ಕೆ ಸಾವಿರಾರು ರೂಪಾಯಿ ಬೆಲೆಯುಂಟು.

ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರಲ್ಲವೆ? ಆ ಹುಡುಗನ ಕಟ್ಟಿನಲ್ಲಿಯೂ ಜಹಗೀರಿನ ಗತ್ತು ಇದೆ: ದೇವತೆಗಳು, ಘಟಸರ್ಪಗಳು, ಒಂದಕ್ಕಿಂತ ಒಂದು ದುಬಾರಿ. ನಮ್ಮವನ ಬಳಿ ಇದ್ದದ್ದು, ಬೆಂಗಳೂರಿನ ಪಂದ್ಯಕ್ಕೆ ಹೋಗಿಬರುವ ಬಸ್ಸಿನ ಖರ್ಚು ತೆಗೆದು ಉಳಿದ ಚಿಲ್ಲರೆ.

ಅದರಲ್ಲಿ ಅವನು ಕೆಂಪು ಕಟ್ಟು ಕಟ್ಟಿದ. ನೆಲವೆಂದರೆ 20 ಬೆಟ್ಟ. ಉಳಿದ 40 ಎಲೆಯೂ ಒಂದೆರಡು ಬೆಟ್ಟದ ಶಕ್ತಿಗೇ ಎದ್ದು ನುಗ್ಗುವ ಪುಟ್ಟ ಆಳುಗಳು ಮತ್ತು ಸಿಡಿಲುಗಳು. 1993ರ ಮೊದಲ ಕಂತಿನ ‘ಲೈಟ್ನಿಂಗ್ ಬೋಲ್ಟ್’ ಆಗಲಿ, 2004ರ ‘ಲಾವಾ ಸ್ಪೈಕ್’ ಆಗಲಿ, ಒಂದೇ ಬೆಟ್ಟದ ಶಕ್ತಿಗೆ 3 ಪ್ರಾಣ ಕಳೆಯುತ್ತದೆ. ಇಂಥ 7 ಬಿದ್ದರೆ 21; ಎದುರಾಳಿಯ ಬಳಿ ಇರುವುದು 20.

ಕಟ್ಟಿನಿಂದ ಅವನು ಹೊರಗಿಟ್ಟ ಒಂದು ಘಟಸರ್ಪದ ಚಿತ್ರ ಬಹಳ ಸೊಗಸಾಗಿತ್ತು. “ಇದನ್ನೇಕೋ ಬಿಟ್ಟೆ?” ಎಂದೆ.

“ಚೆಂದಾಗದ ಮಾವ. ಆದ್ರ ಐದ್ ನೆಲ ಬರೋಗಂಟ ಕೈಲೇ ಕೊಳೀತದ.”

ಈ ಲೆಕ್ಕಾಚಾರಕ್ಕೂ ಒಂದು ಚರಿತ್ರೆಯಿದೆ. 1996ರಲ್ಲಿ ಅಟ್ಲಾಂಟಾದ ಅರ್ಹತಾ ಪಂದ್ಯವೊಂದರಲ್ಲಿ ಪಾಲ್ ಸ್ಲೈ ಎಂಬಾತ, ಜೇ ಷ್ನೈಡರ್ ರೂಪಿಸಿದ್ದ ಕೆಂಪು ಕಟ್ಟಿನಿಂದ ಎರಡನೆಯ ಸ್ಥಾನ ಪಡೆದ. ಜನ ಕೀಳೆಂದು ಬದಿಗೊತ್ತಿದ್ದ ಎಲೆಗಳೇ ಅದರಲ್ಲಿದ್ದವು. ಆದರೆ ಯಾವ ಸರದಿಯಲ್ಲಿ ಎಷ್ಟು ಶಕ್ತಿ ಸಿಗುತ್ತದೆಯೋ ಅಷ್ಟನ್ನೂ ವ್ಯರ್ಥಮಾಡದೆ ಖರ್ಚುಮಾಡುವ ಹಾಗೆ ಅವನ್ನು ಜೋಡಿಸಲಾಗಿತ್ತು.

ಮಿತವ್ಯಯದವನು ಹಿಂಜರಿಯುವ ಸ್ವಭಾವದವನು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ನಮ್ಮ ಸೀಮೆಯ ಹಿಪ್ಪುನೇರಳೆ ತೋಟಗಳನ್ನು ನೋಡಿ. ತುಂಡು ಜಮೀನಿನವನು ತೆಂಗು ಫಲಕೊಡುವವರೆಗೆ ಕಾಯಲಾರ. ರೇಷ್ಮೆ ಹುಳು ಕಟ್ಟುತ್ತಾನೆ. ಹುಳು ನಾಲ್ಕು ಜ್ವರ ದಾಟಿ ಚಂದ್ರಂಕಿಗೆ ಏರಿದರೆ ತಿಂಗಳೊಳಗೆ ಕೈಯಲ್ಲಿ ಕಾಸು. ನಡುವೆ ರೋಗ ಬಿತ್ತೋ, ಸೊಪ್ಪೂ ಹೋಯಿತು, ಶ್ರಮವೂ ಹೋಯಿತು. ತಡಮಾಡುವುದಕ್ಕೂ ಬಂಡವಾಳ ಬೇಕು. ಅದಿಲ್ಲದವನಿಗೆ ಅವಸರವೇ ವಿವೇಕ.

ಕೆಂಪು ಕಟ್ಟಿನ ಪಾಡೂ ಅದೇ. ನಾಲ್ಕೈದು ಸರದಿಯೊಳಗೆ ಆಟ ಮುಗಿಯಬೇಕು. ಮುಗಿಯದಿದ್ದರೆ ಕೈ ಬರಿದು; ಅತ್ತ ದೇವತೆಗಳು ಒಂದೊಂದಾಗಿ ಇಳಿಯತೊಡಗುತ್ತವೆ. ಆಗ ನಮ್ಮವನು ಸರದಿಗೊಂದು ಎಲೆ ಎಳೆಯುತ್ತ, ಸಿಡಿಲು ಬಂದೀತೇ ಎಂದು ಕಾಯುವುದನ್ನು ನೋಡಲಾಗುವುದಿಲ್ಲ.

ಕಳೆದ ತಿಂಗಳು ಬೆಂಗಳೂರಿನಲ್ಲಿ 4 ಪಂದ್ಯ ಆಡಿ 2 ಗೆದ್ದು ಬಂದ. ಸೋತ ಎರಡೂ ಉದ್ದಕ್ಕೆ ಬೆಳೆದವಂತೆ. ಕೊನೆಕೊನೆಗೆ ಕೈಗೆ ಬರೀ ಬೆಟ್ಟಗಳೇ ಬಂದುವಂತೆ. ರಾತ್ರಿ ನಮ್ಮಲ್ಲಿ ಊಟ ಮುಗಿಸಿದವನು ಕಟ್ಟು ಬಿಚ್ಚಿ, ಒಂದು ಬೆಟ್ಟ ತೆಗೆದು, ಆ ಜಾಗಕ್ಕೆ ಇನ್ನೊಂದು ಸಿಡಿಲು ಸೇರಿಸಿ ಮಲಗಿದ.