ಆಗುಂಬೆಯ ಹಿತ್ತಿಲಿನಲ್ಲಿ ಒಂದು ಗಿಡ

ತೀರ್ಥಹಳ್ಳಿಯಿಂದ ಹೊರಟ ಬಸ್ಸು ಆಗುಂಬೆ ತಲುಪುವಷ್ಟರಲ್ಲಿ ಮಳೆ ಮತ್ತೆ ಹಿಡಿದಿತ್ತು. ಮಕ್ಕಳಿಗೆ ದಸರಾ ರಜೆ ಬಂದರೂ ಇಲ್ಲಿ ಮಳೆಗೆ ರಜೆಯಿಲ್ಲ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ಸೂರ್ಯಾಸ್ತ ನೋಡಲೆಂದು ಹೋದ ನನಗೂ ಮಗಳಿಗೂ ಕಂಡದ್ದು ಬರೀ ಮಂಜು. ಉಳಿದುಕೊಂಡ ಮನೆಯಲ್ಲಿ ಒಲೆಯ ಮೇಲಿನ ಹಗ್ಗದಲ್ಲಿ ಬಟ್ಟೆಗಳು ಒಣಗದೆ ತೂಗುತ್ತಿದ್ದವು.

ಒದ್ದೆ ಬಟ್ಟೆ ತೊಟ್ಟವರನ್ನು ಸುಲಭವಾಗಿ ಹಿಡಿಯುವ ಕಾಟ ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದ್ದರೂ ಇದು ಶಿಲೀಂಧ್ರದ ಕೆಲಸ. ಆ ಮನೆಯ ಹತ್ತನೇ ತರಗತಿಯ ಹುಡುಗನ ಸೊಂಟದಲ್ಲಿ ಅದು ಬಳೆಯಂತೆ ಎದ್ದಿತ್ತು. ವೈದ್ಯರನ್ನು ಕೇಳದೆ ಪೇಟೆಯಿಂದ ಟ್ಯೂಬು ತಂದು ಹಚ್ಚಿದನಂತೆ. ಎರಡೇ ದಿನಕ್ಕೆ ತುರಿಕೆ ನಿಂತಿತು. ತಿಂಗಳಲ್ಲಿ ಬೆನ್ನಿಗೂ ಹರಡಿತು. ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿದೆ. ಶಿಲೀಂಧ್ರದ ಔಷಧಿಯೊಡನೆ ಸ್ಟೆರಾಯ್ಡ್ ಬೆರೆಸಿತ್ತು. ಸ್ಟೆರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಜೊತೆಗೆ ಚರ್ಮದ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ಟರ್ಬಿನಾಫಿನ್‌ನಂಥ ಔಷಧಿಗೂ ಬಗ್ಗದ ಶಿಲೀಂಧ್ರವೊಂದು ಈಗ ನಮ್ಮ ದೇಶದಲ್ಲಿ ಹಬ್ಬಿದೆ. 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು.

"ನಾನು ಹೇಳಿದ್ದೆ, ಮಾಣಿ ಕೇಳಲಿಲ್ಲ" ಎನ್ನುತ್ತ ಮನೆಯ ಅಜ್ಜಿ ನಮ್ಮನ್ನು ಹಿತ್ತಿಲಿಗೆ ಕರೆದೊಯ್ದರು. ಅಲ್ಲಿ ಆಳೆತ್ತರದ ಸೀಮೆ ಅಗಸೆ, ಮೇಣದ ಬತ್ತಿ ನಿಲ್ಲಿಸಿದಂಥ ಹಳದಿ ಹೂಗೊಂಚಲು. "ಇದರ ಎಲೆ ಅರೆದು ಹಚ್ಚುತ್ತಿದ್ದೆವು" ಎಂದರು. ಹೆಸರೇ ಹೇಳುವಂತೆ ಇದು ಹೊರಗಿನಿಂದ ಬಂದ ಗಿಡ. ತವರು ಅಮೆರಿಕದ ಉಷ್ಣವಲಯ. ಫಿಲಿಪ್ಪೀನ್ಸಿನಲ್ಲಿ ಇದು ಅಕಪುಲ್ಕೊ. ಅಲ್ಲಿನ ಆರೋಗ್ಯ ಇಲಾಖೆ ಶಿಫಾರಸು ಮಾಡಿದ ಹತ್ತು ಔಷಧೀಯ ಸಸ್ಯಗಳಲ್ಲಿ ಇದೂ ಒಂದು.

"ಹಾಗಾದರೆ ನಾವೇ ಕ್ರೀಮು ಮಾಡಬಾರದೇಕೆ?" ಬಿ.ಎಸ್ಸಿ. ಓದುವ ಮಗಳ ಪ್ರಶ್ನೆ. ರಜೆ ಮುಗಿದ ಮೇಲೆ ಎಲೆಗಳನ್ನು ಶಿವಮೊಗ್ಗದ ತನ್ನ ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ದಳು. ಗಾಜಿನ ತಟ್ಟೆಯಲ್ಲಿ ಶಿಲೀಂಧ್ರ ಬೆಳೆಸಿ, ನಡುವಿನ ಕುಳಿಗೆ ಎಲೆಯ ಸಾರ ತುಂಬಿದರು. ಕೆಲವು ದಿನಗಳಲ್ಲಿ ಕುಳಿಯ ಸುತ್ತ ಏನೂ ಬೆಳೆಯದ ಸ್ವಚ್ಛ ವೃತ್ತ ಮೂಡಿತು. ಮಗಳು ಹಿಗ್ಗಿದಳು. ಅವಳ ಮೇಷ್ಟ್ರು ನಕ್ಕರು: "ತಟ್ಟೆಯಲ್ಲಿ ಸೋತದ್ದು ಚರ್ಮದ ಮೇಲೂ ಸೋಲಬೇಕೆಂದಿಲ್ಲಮ್ಮ."

ಮುಂದಿನ ದಾರಿ ದೂರ. ಮಣ್ಣು, ಋತು ಬದಲಾದಂತೆ ಎಲೆಯ ಸತ್ವವೂ ಬದಲಾಗುತ್ತದೆ. ಪ್ರತಿ ಸಲವೂ ಅಳೆಯಬೇಕು. ಎಣ್ಣೆ-ಮೇಣವನ್ನೂ ನೀರನ್ನೂ ಬೇರೆ ಬೇರೆಯಾಗಿ ಸುಮಾರು 70 ಡಿಗ್ರಿಗೆ ಕಾಯಿಸಿ, ಕೂಡಿಸಿ, ಆರುವವರೆಗೆ ಕಲಕಿ, ಆಮೇಲೆ ಸಾರ ಸೇರಿಸಬೇಕು. ನೀರು ತಾಗಿದ ಉಪ್ಪಿನಕಾಯಿಯಂತೆ ಕ್ರೀಮಿಗೂ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಸಂರಕ್ಷಕ ಬೇಕು. ತಿಂಗಳುಗಟ್ಟಲೆ ಇಟ್ಟರೂ ಒಡೆಯಬಾರದು, ಚರ್ಮ ಉರಿಯಬಾರದು. ಕೊನೆಗೆ, ಒಪ್ಪಿಗೆ ಕೊಟ್ಟ ರೋಗಿಗಳ ಮೇಲೆ, ಈಗಿರುವ ಔಷಧಿಗೆ ಹೋಲಿಸಿ ಪರೀಕ್ಷೆ. ಗಿಡಮೂಲಿಕೆ ಎಂದ ಮಾತ್ರಕ್ಕೆ ಯಾವ ಮೆಟ್ಟಿಲನ್ನೂ ಹಾರುವಂತಿಲ್ಲ.

ಆಗುಂಬೆಗೆ ಫೋನು ಮಾಡಿದೆ. ಹುಡುಗನನ್ನು ಚರ್ಮವೈದ್ಯರಿಗೆ ತೋರಿಸಿದ್ದರು. ಹಳೆಯ ಟ್ಯೂಬು ನಿಂತಿತ್ತು; ವಾರಗಟ್ಟಲೆ ಔಷಧಿ, ಬಟ್ಟೆಗೆ ದಿನವೂ ಇಸ್ತ್ರಿ. ಮಗಳ ಪ್ರಯೋಗದ ಸುದ್ದಿ ಹೇಳಿದಾಗ ಅಜ್ಜಿ ಅಂದರು: "ನಿಧಾನವಾಗಿ ಓದಿ ಮುಗಿಸಲಿ. ಗಿಡ ಇಲ್ಲೇ ಇರುತ್ತದೆ."