ಬರೀ ಸ್ಟೆಪ್‌ಗೆ ಮಾರ್ಕ್ಸ್

ಫ್ರಾನ್ಸಿನಲ್ಲಿ ಪ್ರತಿವರ್ಷ ಜೂನ್ ತಿಂಗಳ ನಡುವೆ ಒಂದು ಬೆಳಿಗ್ಗೆ 8 ಗಂಟೆಗೆ ಲಕ್ಷಾಂತರ ಹುಡುಗ ಹುಡುಗಿಯರು ತತ್ತ್ವಶಾಸ್ತ್ರದ ಪರೀಕ್ಷೆಗೆ ಕೂರುತ್ತಾರೆ. ಬಿಎ, ಎಂಎ ಓದೋರಲ್ಲ, ನಮ್ಮ ಪಿಯುಸಿ ವಯಸ್ಸಿನ ಮಕ್ಕಳು. ಮುಂದೆ ಎಂಜಿನಿಯರ್ ಆಗ್ತೀನಿ, ಡಾಕ್ಟರ್ ಆಗ್ತೀನಿ ಅನ್ನೋರೂ ಬರೆಯಲೇಬೇಕು. ನೆಪೋಲಿಯನ್ ಕಾಲದಲ್ಲಿ, 1808ರಲ್ಲಿ, ಶುರುವಾದ ಬಾಕಲೋರಿಯಾ ಅನ್ನೋ ಪರೀಕ್ಷೆಯ ಭಾಗ ಇದು. ಸಮಯ 4 ಗಂಟೆ. ಕೊಡೋದು ಮೂರು ಪ್ರಶ್ನೆ, ಬರೆಯೋದು ಒಂದೇ. ಎರಡು ಪ್ರಬಂಧದ ವಿಷಯಗಳು, ಮೂರನೆಯದು ಯಾರಾದರೂ ತತ್ತ್ವಜ್ಞಾನಿಯ ಬರಹದ ಒಂದು ತುಣುಕು, ಅದನ್ನು ವಿವರಿಸಬೇಕು. ಮಧ್ಯಾಹ್ನದ ಹೊತ್ತಿಗೆ ಆ ಪ್ರಶ್ನೆಗಳು ಟೀವಿಯಲ್ಲಿ, ಪೇಪರಿನ ವೆಬ್‌ಸೈಟುಗಳಲ್ಲಿ ಚರ್ಚೆಯಾಗುತ್ತಿರುತ್ತವೆ.

ನಮ್ಮ ಟೀಮಿನ ಅರ್ಧ ಜನ ಆ ದೇಶದಲ್ಲಿದ್ದಾರೆ. 2024ರಲ್ಲಿ ಅಲ್ಲಿನ ಸಹೋದ್ಯೋಗಿಯೊಬ್ಬರ ಮಗಳು ಈ ಪರೀಕ್ಷೆ ಬರೆದಳು. ಆ ಸಲ ಬಂದಿದ್ದ ಒಂದು ಪ್ರಶ್ನೆ: ಪ್ರಭುತ್ವವು ನಮಗೆ ಏನನ್ನಾದರೂ ಕೊಡಬೇಕಾಗಿದೆಯೇ? ಊರಿನ ಭಾಷೆಯಲ್ಲಿ ಹೇಳೋದಾದರೆ, ಸರ್ಕಾರ ನಮ್ಮ ಹತ್ರ ಏನಾದ್ರೂ ಬಾಕಿ ಇಟ್ಕೊಂಡಿದೆಯಾ? ಇದಕ್ಕೆ 4 ಗಂಟೆ ಏನು ಬರೀತಾರೆ ಅಂತ ಕೇಳಿದೆ. ಆತ ನಗುತ್ತಾ, "ಮೊದಲು ಹೌದು ಅನ್ನೋದು, ಆಮೇಲೆ ಇಲ್ಲ ಅನ್ನೋದು, ಕೊನೆಗೆ ಇರಬಹುದು ಅನ್ನೋದು" ಅಂದ. ಅದು ಅಲ್ಲಿ ಎಲ್ಲರೂ ಹೇಳುವ ಹಳೇ ಜೋಕು. ಆದರೆ ಜೋಕಿನ ಹಿಂದಿರುವ ಕಟ್ಟಡ ಬಹಳ ಗಟ್ಟಿಯಾಗಿದೆ.

ನಾವು ಹೈಸ್ಕೂಲಿನಲ್ಲಿ ಪ್ರಬಂಧ ಬರೆಯುತ್ತಿದ್ದೆವಲ್ಲ, ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ? ಇಲ್ಲೂ ಪೀಠಿಕೆ ಇದೆ, ಆದರೆ ಅದರ ಕೆಲಸ ಬೇರೆ. ಅಲ್ಲಿ ಉತ್ತರ ಕೊಡುವ ಹಾಗಿಲ್ಲ. ಪ್ರಶ್ನೆ ಯಾಕೆ ನಿಜವಾಗಲೂ ಪ್ರಶ್ನೆ ಅಂತ ತೋರಿಸಬೇಕು. ಅದಕ್ಕೆ ಮೊದಲು ಪದಗಳನ್ನು ಬಿಚ್ಚಬೇಕು. ಮೇಲಿನ ಪ್ರಶ್ನೆಯಲ್ಲಿ ಬರುವ ಫ್ರೆಂಚ್ ಕ್ರಿಯಾಪದಕ್ಕೆ ಸಾಲ ಅನ್ನೋ ಅರ್ಥವೂ ಇದೆ, ಕರ್ತವ್ಯ ಅನ್ನೋ ಅರ್ಥವೂ ಇದೆ, ನಮ್ಮ 'ಋಣ'ದ ಹಾಗೆ. ಇಷ್ಟು ಗಮನಿಸಿದವನಿಗೆ ಅರ್ಧ ಪ್ರಬಂಧ ಸಿಕ್ಕಂತೆ.

ಆಮೇಲೆ ಸಾಮಾನ್ಯವಾಗಿ ಮೂರು ಭಾಗ. ಮೊದಲನೆಯದರಲ್ಲಿ ಮೇಲುನೋಟಕ್ಕೆ ಸರಿ ಅನ್ನಿಸೋ ಉತ್ತರ, ಕಾರಣ ಸಮೇತ. ನಾವು ತೆರಿಗೆ ಕಟ್ಟುತ್ತೇವೆ, ಕಾನೂನು ಪಾಲಿಸುತ್ತೇವೆ, ಆದ್ದರಿಂದ ಪ್ರಭುತ್ವ ನಮಗೆ ಬಾಕಿ ಇದೆ. ಎರಡನೆಯದರಲ್ಲಿ ಅದೇ ಉತ್ತರದ ಬುಡ ಅಲ್ಲಾಡಿಸಬೇಕು. ಕೊಟ್ಟು ತಗೊಳ್ಳೋ ಲೆಕ್ಕವೇ ಆದರೆ ಇವತ್ತು ಹುಟ್ಟಿದ ಮಗುವಿಗೆ, ತೆರಿಗೆ ಕಟ್ಟೋಕೆ ಕೈಲಾಗದವರಿಗೆ ಏನೂ ಸಲ್ಲಬೇಕಿಲ್ಲವೇ? ಅದೂ ಅಲ್ಲದೆ ಬೊಕ್ಕಸದ ದುಡ್ಡು ನಮ್ಮದೇ ಆಗಿರುವಾಗ ಸಾಲಗಾರ ಯಾರು, ಸಾಲ ಕೊಟ್ಟವರು ಯಾರು? ಮೂರನೇ ಭಾಗ 'ಇಬ್ಬರದೂ ಸರಿ' ಅನ್ನೋ ಪಂಚಾಯ್ತಿ ಅಲ್ಲ. ಈ ಜಗಳ ಹುಟ್ಟಿದ್ದೇ ಪ್ರಶ್ನೆಯನ್ನು ಒಂದು ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದರಿಂದ ಅಂತ ತೋರಿಸಿ ಹೊಸ ಜಾಗದಲ್ಲಿ ನಿಲ್ಲಬೇಕು. ಇದು ಅಂಗಡಿಯ ಖಾತೆಯ ಸಾಲ ಅಲ್ಲ, ಒಟ್ಟಿಗೆ ಬದುಕೋರು ಪ್ರಭುತ್ವದ ಮೂಲಕ ಒಬ್ಬರಿಗೊಬ್ಬರು ಸಲ್ಲಿಸುವ ಕರ್ತವ್ಯ, ಹೀಗೇನೋ.

ಮಾರ್ಕ್ಸ್ 20ಕ್ಕೆ. ಒಟ್ಟು 100 ತೂಕದ ಪರೀಕ್ಷೆಯಲ್ಲಿ ಸಾಮಾನ್ಯ ವಿಭಾಗದ ಮಕ್ಕಳಿಗೆ ಇದರ ತೂಕ 8. ಹೌದು ಅಂದವನಿಗೂ ಇಲ್ಲ ಅಂದವನಿಗೂ ಒಂದೇ ಮಾರ್ಕ್ಸ್ ಬರಬಹುದು. ಕಡಿತ ಬೀಳೋದು ಪ್ರಶ್ನೆ ಬಿಟ್ಟು ಪಾಠ ಒಪ್ಪಿಸಿದರೆ, ಪ್ಲೇಟೋ, ರೂಸೋ ಹೆಸರುಗಳನ್ನು ತೋರಣ ಕಟ್ಟಿದ ಹಾಗೆ ಸಾಲಾಗಿ ಕಟ್ಟಿದರೆ, ಒಂದು ಭಾಗದಿಂದ ಇನ್ನೊಂದಕ್ಕೆ ಕಾರಣವಿಲ್ಲದೆ ಹಾರಿದರೆ. ಬಿಇ ಪರೀಕ್ಷೆಯಲ್ಲಿ ಕೊನೆಯ ಉತ್ತರ ತಪ್ಪಿದರೂ ಸ್ಟೆಪ್‌ಗೆ ಮಾರ್ಕ್ಸ್ ಸಿಗುತ್ತಿತ್ತು. ಇಲ್ಲಿ ಇರೋದೇ ಸ್ಟೆಪ್. ಆ ಹುಡುಗಿಗೆ 20ಕ್ಕೆ 13 ಬಂತು, ಮನೆಯಲ್ಲಿ ಹಬ್ಬ. ಅಷ್ಟು ತಂದರೆ ನಮ್ಮೂರಲ್ಲಿ ಟ್ಯೂಷನ್‌ಗೆ ಹಾಕ್ತಾರೆ!

ಆದರೆ ಆ 13 ಎಷ್ಟು ನಿಜ? ಇದನ್ನು 1930ರ ದಶಕದಲ್ಲೇ ಅಳೆದು ನೋಡಿದ್ದಾರೆ. ಲೊಜಿಯೇ ಮತ್ತು ವೈನ್‌ಬರ್ಗ್ ಅನ್ನೋ ಸಂಶೋಧಕರು ಒಂದೇ ಉತ್ತರ ಪತ್ರಿಕೆಗಳನ್ನು ಹಲವು ಮೌಲ್ಯಮಾಪಕರಿಗೆ ಕೊಟ್ಟು, ಬಂದ ಅಂಕಗಳ ಏರುಪೇರು ಲೆಕ್ಕ ಹಾಕಿದರು. ನಂಬಬಹುದಾದ ಸರಾಸರಿ ಬರಬೇಕಾದರೆ ಗಣಿತದ ಪತ್ರಿಕೆಯನ್ನು 13 ಜನ ತಿದ್ದಬೇಕು, ತತ್ತ್ವಶಾಸ್ತ್ರದ್ದನ್ನು 127 ಜನ! ನಿಜದಲ್ಲಿ ತಿದ್ದುವವರು ಒಬ್ಬರೇ. ಅದಕ್ಕೇ ಮೌಲ್ಯಮಾಪಕರು ಮೊದಲು ಸಭೆ ಸೇರುತ್ತಾರೆ, ಕೆಲವು ಪತ್ರಿಕೆಗಳನ್ನು ಎಲ್ಲರೂ ನೋಡಿ ಅಳತೆಗೋಲು ಹೊಂದಿಸಿಕೊಳ್ಳುತ್ತಾರೆ. ಪತ್ರಿಕೆಯಲ್ಲಿ ಹೆಸರಿರೋದಿಲ್ಲ. ಇಷ್ಟಾದರೂ ಅದೃಷ್ಟದ ಪಾಲು ಪೂರ್ತಿ ಹೋಗೋದಿಲ್ಲ. ಈ ಅನುಮಾನದಿಂದಲೇ ಮಕ್ಕಳು ರೆಡಿಮೇಡ್ ಅಚ್ಚು ಹುಡುಕುತ್ತಾರೆ, ಹೌದು, ಇಲ್ಲ, ಇರಬಹುದು ಅಂತ ತುಂಬಿಸಿ ಬರುತ್ತಾರೆ.

ಹಾಗಾದರೆ ಈ ಕಸರತ್ತು ಯಾಕೆ? ನನಗೆ ಇದರ ಬೆಲೆ ಕಾಣಿಸೋದು ಎರಡನೇ ಭಾಗದಲ್ಲಿ. ಅದು ನಮಗೂ ಹೊಸದಲ್ಲ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತಕ್ಕೆ ಮುಂಚೆ ಪೂರ್ವಪಕ್ಷ ಬರಲೇಬೇಕು. 14ನೇ ಶತಮಾನದ ವಿಜಯನಗರದ ಕಾಲದಲ್ಲಿ ಮಾಧವಾಚಾರ್ಯರು ಬರೆದ 'ಸರ್ವದರ್ಶನ ಸಂಗ್ರಹ' ಶುರುವಾಗೋದೇ ವೇದವನ್ನು ಒಪ್ಪದ ಚಾರ್ವಾಕರ ವಾದದಿಂದ. ಆಫೀಸಿನಲ್ಲಿ ನಾವು ಬರೆಯುವ ಡಿಸೈನ್ ಡಾಕ್ಯುಮೆಂಟಿನಲ್ಲೂ 'ಬೇರೆ ಯಾವ ದಾರಿಗಳಿದ್ದವು' ಅನ್ನೋ ಭಾಗ ಇರುತ್ತದೆ. ಅಲ್ಲಿ ಬೇಕಂತಲೇ ಪೆದ್ದ ದಾರಿಯೊಂದನ್ನು ಹಾಕಿ ಹೊಡೆದು ಬೀಳಿಸಿದ್ದರೆ, ರಿವ್ಯೂ ಮಾಡೋರಿಗೆ ಗೊತ್ತಾಗಿಬಿಡುತ್ತದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾದಾಗ ನಮ್ಮ ಊಟದ ಟೇಬಲ್ಲು ಎರಡು ಪಾಲಾಯಿತು. "ನಮ್ಮ ಟ್ಯಾಕ್ಸ್ ದುಡ್ಡು ಕಣಯ್ಯಾ" ಅನ್ನೋರು ಒಂದು ಕಡೆ. ಹಾಸ್ಟೆಲ್ಲಿನ ಅನ್ನ ತಿಂದು, ಸರ್ಕಾರಿ ಸೀಟಿನಲ್ಲಿ ಬಿಇ ಮುಗಿಸಿದ ನಾನು ಇನ್ನೊಂದು ಕಡೆ. ನನ್ನ ಅತ್ತಿಗೆ ದಿನಾ ಗಾರ್ಮೆಂಟ್ಸಿಗೆ ಬಸ್ಸಿನಲ್ಲಿ ಹೋಗಿ ಬರ್ತಾರೆ, ಉಳಿದ ದುಡ್ಡು ಅವರ ಕೈಯಲ್ಲೇ ಇರುತ್ತೆ. ಇದು ನನ್ನ ಮೊದಲ ಭಾಗ, ಈಗಲೂ ಬಿಟ್ಟುಕೊಡಲ್ಲ. ಫ್ರೆಂಚ್ ಹುಡುಗಿಯ ಪ್ರಶ್ನೆ ಕೇಳಿದ ಮೇಲೆ ಎರಡನೆಯದನ್ನೂ ಬರೆಯಲು ಕೂತೆ. ಟ್ಯಾಕ್ಸ್ ಅನ್ನೋರ ಬಾಯಲ್ಲಿ ಬರದ, ಅದಕ್ಕಿಂತ ಬಲವಾದ ಆಕ್ಷೇಪ ಸಿಕ್ಕಿತು: ಟಿಕೆಟ್ ಉಚಿತ ಸರಿ, ದಿನಕ್ಕೆ ಎರಡೇ ಸಲ ಬಸ್ಸು ಬರೋ ಹಳ್ಳಿಯ ಹೆಂಗಸಿಗೆ ಸಿಕ್ಕಿದ್ದೇನು? ಬಸ್ಸೇ ಬರದ ಊರಿನವಳಿಗೆ? ಇದಕ್ಕೆ ಉತ್ತರ ಕೊಡಬೇಕಾದರೆ ನಾನು ಟಿಕೆಟ್ ಬಿಟ್ಟು ಬಸ್ಸಿನ ಬಗ್ಗೆ ಮಾತಾಡಬೇಕು. ಸರ್ಕಾರದ ಬಾಕಿ ಬರೀ ಟಿಕೆಟ್ಟಿನ ದುಡ್ಡಲ್ಲ, ಹೋಗಬೇಕಾದ ಕಡೆ ಹೊತ್ತಿಗೆ ಸರಿಯಾಗಿ ಮುಟ್ಟಿಸೋದು. ಇದನ್ನು ಆಚೆ ಕಡೆಯವರೂ ಒಪ್ಪಬಹುದೇನೋ.

ಇಂಥ ಬರವಣಿಗೆಗೆ 20ಕ್ಕೆ ಎಷ್ಟು ಕೊಡಬೇಕು ಅಂತ 127 ಜನ ಕೂತರೂ ಜಗಳ ಆಡಬಹುದು, ಆಡಲಿ. ಎದುರಿಗಿರೋನ ಮಾತನ್ನು ಅವನೇ "ಹ್ಞಾಂ, ಇದೇ ನಾನು ಹೇಳ್ತಿರೋದು" ಅನ್ನೋ ಹಾಗೆ ಬರೆಯೋದನ್ನ 17, 18ನೇ ವಯಸ್ಸಿನಲ್ಲಿ, ಗಣಿತ ಓದೋರಿಗೂ ಬಿಡದೆ, ಒಂದು ದೇಶ ಕೇಳುತ್ತಿದೆಯಲ್ಲ, ಅದು ನನಗೆ ಇಷ್ಟವಾಯಿತು. ನಮ್ಮ ಪಿಯುಸಿ ಮಕ್ಕಳಿಗೂ ವರ್ಷಕ್ಕೊಂದು ಇಂಥ ಪ್ರಶ್ನೆ ಕೊಡಬಹುದು. ಮಾರ್ಕ್ಸ್ ಆಮೇಲೆ ನೋಡಿಕೊಂಡರಾಯಿತು.