ಕಾಲು ಊರುವ ಗಾಡಿ

ಸಾಸವಡದಲ್ಲಿ ನಾನು ಹೊಕ್ಕ ಮೋಟರ್‌ಸೈಕಲ್ ಅಂಗಡಿಗಳಲ್ಲೆಲ್ಲ ಮೊದಲು ಎದುರಾದ ಪ್ರಶ್ನೆ ಒಂದೇ: "ಪಾಯ್ ಟೇಕತಾತ್ ಕಾ?" ಕಾಲು ನೆಲಕ್ಕೆ ತಾಗುತ್ತವೆಯೇ? ಬೆಲೆ, ಮೈಲೇಜು, ಬಣ್ಣದ ಮಾತೆಲ್ಲ ಆಮೇಲೆ. ನನ್ನ ಎತ್ತರ 4 ಅಡಿ 11 ಇಂಚು, ತೂಕ 46 ಕಿಲೊ. ಹಾಗಾಗಿ ಪ್ರಶ್ನೆ ಸಹಜವೇ. ಮರಾಠಿಯ 'ಟೇಕಣೆ' ಅಂದರೆ ತಾಗುವುದೂ ಹೌದು, ಆನುವುದೂ ಹೌದು. ನಮ್ಮ ಧಾರವಾಡದ ಕಡೆ 'ಟೇಕಾ ಕೊಡು' ಅನ್ನುತ್ತೇವಲ್ಲ, ಅದನ್ನು ನೆನೆಯಿರಿ. ಕನ್ನಡಕ್ಕೆ ತರುವಾಗ ನಾನಾದರೆ ಎರಡು ಮಾತು ಮಾಡುತ್ತೇನೆ: ತಾಗು, ಊರು. ತಾಗಲು ಬೆರಳ ತುದಿ ಸಾಕು. ಊರುವುದೆಂದರೆ ಭಾರ ಹಾಕುವುದು. (ವಾಸಿಸುವ ಊರಿಗೂ ಈ ಊರುವುದಕ್ಕೂ ನಂಟು ಕಟ್ಟುವ ಆಸೆಯಾಗುತ್ತದೆ. ಭಾಷಾವಿಜ್ಞಾನ ಓದಿದ ತಪ್ಪಿಗೆ ಸುಮ್ಮನಿರುತ್ತೇನೆ.)

ಗಾಡಿ ಬೇಕಾದದ್ದು ದಿವೆ ಘಾಟಿನಿಂದಾಗಿ. ಪುಣೆಯ ಹಡಪ್ಸರದಿಂದ ಸಾಸವಡಕ್ಕೆ ಬರುವ ಮುಖ್ಯ ದಾರಿ ಇದೇ. ಆಷಾಢದಲ್ಲಿ ಜ್ಞಾನೇಶ್ವರರ ಪಾಲಖಿ ಏರಿ ಬರುವುದೂ ಇದೇ ಘಾಟಿಯನ್ನು. ಅನುವಾದವನ್ನು ಮನೆಯಲ್ಲೇ ಕೂತು ಮಾಡಬಹುದು, ದುಭಾಷಿ ಕೆಲಸಕ್ಕೆ ಮಾತ್ರ ಹೋಗಲೇಬೇಕು. ಸಂಜೆ ಏಳರ ಮೇಲೆ ಮುಗಿಯುವ ಕೆಲಸಗಳನ್ನು ಮೂರು ವರ್ಷ ಬಿಟ್ಟುಕೊಟ್ಟಿದ್ದೇನೆ. ತುಂಬಿದ ಬಸ್ಸಿಗೆ ಜೋತುಬೀಳಬೇಕು, ಇಲ್ಲವೇ ಯಾರದಾದರೂ ಗಾಡಿಯ ಹಿಂದಿನ ಸೀಟಿಗೆ ಕೈಚಾಚಬೇಕು. ಒಳ್ಳೆಯ ಹಣ ಬರುವುದು ಆ ಸಂಜೆಗಳಿಂದಲೇ.

"ಸ್ಕೂಟಿ ತಗೋ ಯವ್ವಾ, ಆ ಗಂಡಸರ ಗಾಡಿ ಯಾಕ ಬೇಕ ನಿನಗ?" ಎಂದಳು ಅವ್ವ ಫೋನಿನಲ್ಲಿ. ಅವಳ ಮಾತನ್ನು ತಳ್ಳಿಹಾಕುವಂತಿಲ್ಲ. ಆಕ್ಟಿವಾದ ಸೀಟಿನ ಎತ್ತರ 765 ಮಿಲಿಮೀಟರ್, ತೂಕ 106 ಕಿಲೊ. ನನ್ನಂಥವರಿಗೆ ಒಗ್ಗುವ ಗಾಡಿಯೇ. ಆದರೆ ನಮ್ಮ ಓಣಿಯ ಗುಂಡಿಗಳಿಗೆ ಅದರ ಪುಟ್ಟ ಚಕ್ರ ಇಳಿದುಬಿಡುತ್ತದೆ. ಘಾಟಿ ಇಳಿಯುವಾಗ ಎರಡನೇ ಗೇರಿಗೆ ತಂದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದಲ್ಲ, ಆ ಅನುಕೂಲ ನನಗೆ ಬೇಕಿತ್ತು. ಮತ್ತೆ, ಬೇಕು ಅನ್ನಿಸಿತು, ಅಷ್ಟೇ. ಅದಕ್ಕೂ ಕಾರಣ ಕೊಡಬೇಕೇ?

ಮೊದಲು ಕಾಲಿನ ಅಳತೆ ತೆಗೆದೆ. ಗೋಡೆಗೆ ಬೆನ್ನು ಹಚ್ಚಿ ನಿಂತು, ದಪ್ಪ ನಿಘಂಟೊಂದನ್ನು ತೊಡೆಸಂದಿಯವರೆಗೆ ಏರಿಸಿ, ಅದರ ಮೇಲಂಚಿಗೆ ಗೋಡೆಯ ಮೇಲೆ ಗೆರೆ ಎಳೆದೆ. 70 ಸೆಂಟಿಮೀಟರ್. ಬೂಟು ಹಾಕಿದರೆ ಇನ್ನೊಂದೆರಡು. ಕಂಪನಿಯ ಹಾಳೆಯ ಮೇಲಿನ ಸೀಟಿನ ಎತ್ತರವನ್ನು ಇದರ ಪಕ್ಕದಲ್ಲಿಟ್ಟರೆ ಒಂದು ಗಾಡಿಯೂ ನನ್ನದಲ್ಲ. ಆದರೆ ಆ ಹಾಳೆ ಎರಡು ಸಂಗತಿ ಹೇಳುವುದಿಲ್ಲ. ಕೂತ ಕೂಡಲೇ ಸ್ಪ್ರಿಂಗು ಸ್ವಲ್ಪ ತಗ್ಗುತ್ತದೆ. ಸೀಟಿನ ಮುಂಭಾಗ ಅಗಲವಾಗಿದ್ದರೆ ಕಾಲು ನೇರ ಇಳಿಯದೆ ಪಕ್ಕಕ್ಕೆ ಚಾಚಿ, ಅಳತೆ ಅಲ್ಲಿಯೇ ಪೋಲಾಗುತ್ತದೆ. ಹಾಗಾಗಿ ಹಾಳೆ ಮಡಚಿಟ್ಟು ಒಂದೊಂದರ ಮೇಲೂ ಕೂತು ನೋಡಿದೆ.

ಗಿಡ್ಡವರಿಗೆ ಎಲ್ಲರೂ ಹೇಳುವುದು ಅವೆಂಜರ್. ಸೀಟು 737 ಮಿಲಿಮೀಟರ್, ಎರಡೂ ಅಂಗಾಲು ಊರಿದವು. ಅಂಗಡಿಯವನಿಗೆ ಸಂತೋಷ. "ಸ್ವಲ್ಪ ತಳ್ಳಿ ನೋಡಲಾ ದಾದಾ?" ಎಂದೆ. 220 ಸಿಸಿಯ ಅವೆಂಜರ್ 163 ಕಿಲೊ. ಬಾಗಿಲ ಮುಂದಿನ ಇಳಿಜಾರಿನಲ್ಲಿ ಅದನ್ನು ಹಿಂದಕ್ಕೆ ತಳ್ಳಿ ಏರಿಸಲು ಆಗಲಿಲ್ಲ. ನಮ್ಮ ಓಣಿಯೂ ಇಳಿಜಾರೇ, ದಿನಾ ಬೆಳಿಗ್ಗೆ ಅದೇ ಕೆಲಸ. ಸಾಲದ್ದಕ್ಕೆ ಕಾಲಿಡುವ ಜಾಗ ಎಲ್ಲೋ ಮುಂದೆ.

ಹಂಟರ್ 350 ಮೇಲೆ ಮನಸ್ಸಿತ್ತು, ಮುಚ್ಚಿಡುವುದೇಕೆ. ಅದರ ಸೀಟು 790, ಸ್ಪ್ಲೆಂಡರಿನದು 785. ಹಾಳೆಯ ಮೇಲೆ ಐದೇ ಮಿಲಿಮೀಟರ್ ಅಂತರ. ತೂಕ ಒಂದರದು 181, ಇನ್ನೊಂದರದು 112. ನಡುವಿನ 69 ಕಿಲೊ ಅಂದರೆ ನನ್ನಂಥವರು ಒಂದೂವರೆ ಮಂದಿ! ಗಾಡಿ ನೆಟ್ಟಗಿರುವಷ್ಟು ಹೊತ್ತು ಭಾರವೆಲ್ಲ ಚಕ್ರಗಳ ಮೇಲೆ. ಒಮ್ಮೆ ವಾಲಿತೋ, ಅದರ ಪಾಲು ಊರಿದ ಕಾಲಿಗೆ ಬರುತ್ತದೆ, ವಾಲಿದಷ್ಟೂ ಹೆಚ್ಚು. ಹಗುರ ಗಾಡಿ ಇನ್ನೊಂದು ಗೇಣು ವಾಲಿದರೂ ಎತ್ತಿ ನಿಲ್ಲಿಸಬಲ್ಲೆ. ಭಾರದ್ದಾದರೆ ಬಿಟ್ಟು ಸರಿಯಬೇಕು.

ಸ್ಪ್ಲೆಂಡರನ್ನೇ ತಂದೆ. 1994ರಿಂದ ಬೀದಿಯಲ್ಲಿರುವ ಗಾಡಿ, ಹಾಲಿನವರಿಂದ ಮೇಷ್ಟ್ರವರೆಗೆ ಎಲ್ಲರ ಮನೆಯದು. ಇದರ ಮೇಲೆ ಕೂತರೆ ಯಾರೂ ತಿರುಗಿ ನೋಡುವುದಿಲ್ಲ ಎಂಬುದೂ ನನ್ನ ಲೆಕ್ಕದಲ್ಲಿತ್ತು. ಸೀಟು ಹೊಲಿಯುವವರ ಹತ್ತಿರ ಮುಂಭಾಗದ ಫೋಮನ್ನು ಎರಡೂ ಅಂಚಿನಲ್ಲಿ ಕೆತ್ತಿಸಿದೆ. ಎತ್ತರ ಹೆಚ್ಚು ಇಳಿಯಲಿಲ್ಲ, ಕಾಲು ಮಾತ್ರ ನೇರವಾಯಿತು. ಶಾಕ್ ಅಬ್ಸಾರ್ಬರ್ ತಗ್ಗಿಸಿಕೊಡುತ್ತೇನೆಂದು ಮೆಕ್ಯಾನಿಕ್ ದಾದಾ ಹುರುಪಿನಲ್ಲಿದ್ದರು, ಬೇಡವೆಂದೆ. ಹಾಗೆ ಮಾಡಿದರೆ ಸ್ಪೀಡ್ ಬ್ರೇಕರಿಗೆ ಹೊಟ್ಟೆ ಉಜ್ಜುತ್ತದೆ, ಸೈಡ್ ಸ್ಟ್ಯಾಂಡು ಉದ್ದವಾಗಿ ನಿಲ್ಲಿಸಿದ ಗಾಡಿ ಆಚೆಗೆ ಉರುಳುತ್ತದೆ.

ಉಳಿದದ್ದು ಅಭ್ಯಾಸ. ಎರಡೂ ಕಾಲು ಬೇಕಿಲ್ಲ, ಎಡಗಾಲೊಂದು ಸಾಕು. ಬಲಗಾಲು ಹಿಂದಿನ ಬ್ರೇಕಿನ ಮೇಲೇ ಇರಲಿ. ಆದರೆ ಎತ್ತರದವರು ಯಾರೂ ಹೇಳದ ಒಂದು ಸಂಗತಿಯಿದೆ. ನಮ್ಮ ರಸ್ತೆಗಳು ಮಳೆನೀರು ಹರಿದುಹೋಗಲೆಂದು ನಡುವೆ ಉಬ್ಬಿ ಅಂಚಿಗೆ ಇಳಿದಿರುತ್ತವೆ. ಎಡ ಅಂಚಿನಲ್ಲಿ ನಿಲ್ಲಿಸಿದರೆ ನಿಮ್ಮ ಎಡಗಾಲಿಗೆ ನೆಲ ಇನ್ನಷ್ಟು ದೂರ. ಹಾಗಾಗಿ ನಿಲ್ಲುವ ಮೊದಲೇ ಜಾಗ ಆರಿಸಬೇಕು: ಒಂದು ದಿಬ್ಬ, ಡಾಂಬರಿನ ತೇಪೆ, ಏನಾದರೂ. ಈಗ ಎಲ್ಲಿ ಹೋದರೂ ಎಡಗಡೆಯ ನೆಲವನ್ನೇ ಓದುತ್ತೇನೆ. ಘಾಟಿಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡಾಗಲೂ ಇದೇ ಭಂಗಿ. ಕ್ಲಚ್ಚನ್ನು ಎಂಜಿನ್ನಿನ ದನಿ ಇಳಿಯುವವರೆಗೆ ಬಿಟ್ಟು, ಆಮೇಲೆ ಬ್ರೇಕು ಬಿಟ್ಟರೆ ಗಾಡಿ ಹಿಂದೆ ಜಾರುವುದಿಲ್ಲ.

ಕಲಿಕೆಯ ಲೈಸೆನ್ಸು ಸಿಕ್ಕಿ ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆ. ಅಲ್ಲಿ ಎಂಟರ ಆಕಾರದಲ್ಲಿ ಓಡಿಸುವಾಗ ಕಾಲು ನೆಲಕ್ಕೆ ತಾಗಿದರೆ ಫೇಲು. "ಮತ್ತ ಇಷ್ಟ ದಿನ ಕಾಲ ಹತ್ತತಾವೇನ ಅಂತ ಯಾಕ ಕೇಳಿದ್ರವಾ?" ಎಂದು ಅವ್ವ ನಕ್ಕಳು.

ಈ ಶುಕ್ರವಾರ ಹಡಪ್ಸರದ ಆಸ್ಪತ್ರೆಯೊಂದರಲ್ಲಿ ಕಲಬುರಗಿಯಿಂದ ಬಂದ ಕುಟುಂಬಕ್ಕೆ ದುಭಾಷಿ ಕೆಲಸ. ಏಳೂವರೆಗೆ ಮುಗಿಯುತ್ತದಂತೆ. ಬರುತ್ತೇನೆ ಎಂದಿದ್ದೇನೆ.